ಅಡಿಯ ಪದರ

ಕತ್ತರಿ ಕೇಳಲು ಬಂದವಳು ಹೊರಟುಹೋದ ಮೇಲೂ ಬುರುಲ್ ಬಾಗಿಲು ಮುಚ್ಚದೆ ನಿಂತೇ ಇದ್ದಳು. ಬಂದವಳು ತಂಗಿ ಸೋನುನಳ ಸೊಸೆ ನಾಜಿರಾ. ಹೊಸಿಲಿನಿಂದ ಆಚೆಯೇ ನಿಂತು, ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿದ್ದಳು.

"ದೊಡ್ಡತ್ತೆ, ಇವತ್ತು ಮಧ್ಯಾಹ್ನ ನನ್ನ ಮಗ ಎರ್ಮೆಕ್‌ಗೆ ಕಾಲುದಾರ ಕತ್ತರಿಸೋದಿದೆ. ನಿಮ್ಮನೇಲಿ ಅಜ್ಜಿ ಕಾಲದ ಕತ್ತರಿ ಇದೆಯಂತಲ್ಲ, ಅದನ್ನ ಇಸ್ಕೊಂಡು ಬಾ ಅಂದ್ರು ಅತ್ತೆ."

"ಒಳಗೆ ಬಾ, ರೊಟ್ಟಿ ಮುರಿ."

"ಒಲೆ ಮೇಲೆ ಎಣ್ಣೆ ಇಟ್ಟು ಬಂದಿದೀನಿ ದೊಡ್ಡತ್ತೆ."

ಬಾಗಿಲಿಗೆ ಬಂದವರನ್ನು ರೊಟ್ಟಿ ತಿನ್ನಿಸದೆ ಕಳಿಸಲಾದೀತೇ? ಬುರುಲ್ ಒಂದು ತುಂಡನ್ನು ಹೊಸಿಲಿಗೇ ತಂದುಕೊಟ್ಟಳು. ಹುಡುಗಿ ನಿಂತಲ್ಲೇ ಬಾಯಿಗೆ ಹಾಕಿಕೊಂಡಿತು. "ಕತ್ತರಿ ಮೊಂಡಾಗಿದೆ. ಮಸೆದು ನಾನೇ ತರ್ತೀನಿ ಅಂತ ಹೇಳು," ಎಂದಾಗ ಅವಳ ದವಡೆ ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿತು.

"ನೀವೇ ಬರ್ತೀರಾ?"

"ಯಾಕೆ, ಬರಬಾರದಾ?"

"ಅಯ್ಯೋ, ಹಾಗಲ್ಲ. ನೀವು ಬರೋದೇ ಇಲ್ವಲ್ಲ, ಅದಕ್ಕೆ ಕೇಳ್ದೆ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ವಾಸಿಯಿತ್ತು, ತಿರುಗಿಸಿ ಏನಾದರೂ ಅನ್ನಬಹುದಿತ್ತು. ಈ ಹೊಳೆ ಬೇಸಿಗೆಯಲ್ಲಿ ಬತ್ತುತ್ತದೆ ಎನ್ನುವಷ್ಟೇ ಸಹಜವಾಗಿ ಹೇಳಿ, ಕೆಸರು ತಪ್ಪಿಸುತ್ತ, ಗಲ್ಲಿ ತಿರುಗಿ ಹೋಗಿಬಿಟ್ಟಿದ್ದಳು. ನೀವು ಬರೋದೇ ಇಲ್ಲ. ಮೂರು ಗಲ್ಲಿ ಆಚೆಗಿನ ಮನೆ. ಸೋನುನಳ ಮಾವ ಸತ್ತಾಗ ಬುರುಲ್ ಹೋಗಿದ್ದಳು, ಅವಳ ಮಗನ ಮದುವೆಗೂ ಹೋಗಿದ್ದಳು. ಹೋದಾಗಲೆಲ್ಲ ಅಂಗಳದಲ್ಲಿ ಹಂಡೆಗಳ ಬಳಿ ನಿಂತು, ಬೆಂಕಿ ಸರಿಮಾಡಿ, ಈರುಳ್ಳಿ ಹೆಚ್ಚಿ, ಕೈಯೊರೆಸಿಕೊಂಡು ಹಿಂದಿರುಗಿದ್ದಳು. ಒಳಗೆ ಹೋಗಿ ನೆಲದ ಮೇಲೆ ಕೂತಿರಲಿಲ್ಲ. ಮೂವತ್ತೊಂದು ವರ್ಷ ಆ ಮನೆಯ ನೆಲವನ್ನು ನೋಡಿರಲಿಲ್ಲ. ಜನ ಅದನ್ನು ಗಮನಿಸಿರಲಾರರು ಎಂದುಕೊಂಡಿದ್ದಳು. ನಿನ್ನೆ ಮೊನ್ನೆ ಸೊಸೆಯಾಗಿ ಬಂದ ಹುಡುಗಿಗೂ ಗೊತ್ತಿತ್ತು.

ಕತ್ತರಿ ಬೇಕಂತೆ. ಕೈ ಬೇಡ. ಬುರುಲ್ ಅದನ್ನು ಮನಸ್ಸಿನಲ್ಲೇ ಒಂದೆರಡು ಸಲ ಹೇಳಿ ನೋಡಿದಳು, ನೋಯುವ ಹಲ್ಲನ್ನು ನಾಲಗೆ ಮತ್ತೆ ಮತ್ತೆ ಮುಟ್ಟಿ ನೋಡುವ ಹಾಗೆ. ಅದರಲ್ಲಿ ತಪ್ಪೇನಿತ್ತು? ಹೆಜ್ಜೆಯಿಡಲು ಕಲಿತ ಕೂಸಿನ ಎರಡು ಕಾಲಿಗೂ ಕಪ್ಪು ಬಿಳಿ ಉಣ್ಣೆ ಹೊಸೆದ ದಾರ ಕಟ್ಟಿ, ಅದನ್ನು ಒಬ್ಬರು ಕತ್ತರಿಸಿ, ಹೋಗಪ್ಪ, ನಡೆ, ಎಂದು ಲೋಕಕ್ಕೆ ಬಿಡುತ್ತಾರೆ. ಕತ್ತರಿಸಿದವಳ ನಡಿಗೆಯೇ ಕೂಸಿಗೆ ಬರುತ್ತದೆ, ಅವಳ ಹಣೆಬರಹದ ಒಂದೆಳೆಯೂ ಬರುತ್ತದೆ. ಮದುವೆಯಾಗಿ ಎರಡನೇ ವರ್ಷವೇ ಬಸಿರಾಗಲಿಲ್ಲವೆಂದು ಗಂಡನ ಮನೆಯವರು ತಂದುಬಿಟ್ಟುಹೋದ ಹೆಂಗಸಿನ ಕೈಗೆ ಯಾವ ಅಜ್ಜಿ ತಾನೆ ಮೊಮ್ಮಗನ ಕಾಲನ್ನು ಕೊಟ್ಟಾಳು? ಸೋನುನಳ ಜಾಗದಲ್ಲಿ ತಾನಿದ್ದರೂ ಕೊಡುತ್ತಿರಲಿಲ್ಲ. ಅಷ್ಟು ತಿಳಿದಿದ್ದರೂ "ನಾನೇ ತರ್ತೀನಿ" ಎಂಬ ಮಾತು ಬಾಯಿಂದ ಜಾರಿತ್ತು. ಜಾರಿದ ಮೇಲೆ ಅವಳಿಗೆ ತಿಳಿಯಿತು, ಕತ್ತರಿ ಒಂದು ನೆಪ. ಇವತ್ತು ಆ ಮನೆಯ ಒಳಗೆ ಹೋಗಬೇಕು, ತಂಗಿಯ ಮದುವೆಗೆ ತಾನು ಹೊಲಿದ ಆ ಹಾಸಿನ ವಿಷಯ ಹೇಳಿಬಿಡಬೇಕು. ತನಗೂ ಐವತ್ತೇಳಾಯಿತು. ಹೇಳದೆ ಹೋದರೆ ಇನ್ನು ಮಣ್ಣಿನಡಿಗೆ ಹೊತ್ತುಕೊಂಡೇ ಹೋಗಬೇಕಾದೀತು.

ಪೆಟ್ಟಿಗೆಯ ತಳದಿಂದ ಕತ್ತರಿಯನ್ನು ತೆಗೆದಳು. ಅಮ್ಮನ ಹಳೆಯ ತಲೆವಸ್ತ್ರದ ಚೂರಿನಲ್ಲಿ ಸುತ್ತಿಟ್ಟದ್ದು, ಮೊಳಕೈ ಉದ್ದದ ಕಬ್ಬಿಣ, ಕುರಿಯ ಜಿಡ್ಡು ಮೆತ್ತಿ ಕಪ್ಪಾದದ್ದು. ಒಂದೆಳೆ ಉಣ್ಣೆದಾರ ಹಿಡಿದು ಕತ್ತರಿಸಿ ನೋಡಿದಳು. ಕತ್ತರಿ ದಾರವನ್ನು ಕಚ್ಚಿತು, ಮಡಚಿತು, ಹಲ್ಲಿಲ್ಲದ ಬಾಯಿ ಮಾಂಸ ಜಗಿದ ಹಾಗೆ ಜಗಿಯಿತು, ಕತ್ತರಿಸಲಿಲ್ಲ. ಮಗುವಿನ ಕಾಲ ಬಳಿ ಹೀಗಾದರೆ? ಒಂದೇ ಏಟಿಗೆ ದಾರ ಹರಿಯಬೇಕು. ಎರಡನೇ ಸಲ ಕತ್ತರಿ ಆಡಿಸಿದರೆ ನೆರೆದ ಹೆಂಗಸರೆಲ್ಲ ಅಯ್ಯೋ ಎನ್ನುತ್ತಾರೆ, ಆ ಕೂಸು ಮುಂದೆ ಎಡವಿದಾಗಲೆಲ್ಲ ಇವತ್ತಿನ ದಿನವನ್ನು ನೆನೆಯುತ್ತಾರೆ.

ಅಂಗಳದ ಬಿಸಿಲಿಗೆ ಮಣೆ ಹಾಕಿಕೊಂಡು ಕೂತಳು. ಬೆಟ್ಟದ ಮೇಲೆ ಹಿಮ ಇನ್ನೂ ಅರ್ಧ ಉಳಿದಿತ್ತು, ಬೇಲಿಯ ನೆರಳಿರುವಷ್ಟು ಕಡೆ ನೆಲ ಗಟ್ಟಿ, ಬಿಸಿಲು ಬಿದ್ದ ಕಡೆ ಕೆಸರು. ಚಾಕುವಿನ ತುದಿಯಿಂದ ತಿರುಪನ್ನು ಬಿಚ್ಚಿ ಎರಡು ಅಲಗುಗಳನ್ನೂ ಬೇರೆಮಾಡಿದಳು. ಬೇರೆಯಾದಾಗ ಕತ್ತರಿ ಕತ್ತರಿಯೇ ಅಲ್ಲ, ಹಿಡಿ ಸೊಟ್ಟಗಿರುವ ಎರಡು ಕೆಟ್ಟ ಚಾಕು. ಬೂದಿ ಹಚ್ಚಿ ಒರೆಸಿದಳು. ಸಾಣೆಕಲ್ಲಿಗೆ ನೀರು ಚಿಮುಕಿಸಿ, ಹೊರಗಿನ ಇಳಿಜಾರು ಅಂಚನ್ನು ಕಲ್ಲಿಗೆ ಒರಗಿಸಿದಳು. ಅಪ್ಪನ ಕುಡುಗೋಲು ಮಸೆಯುವ ಕಲ್ಲೂ ಇತ್ತು, ಆದರೆ ಅದು ಒರಟು, ಕಬ್ಬಿಣವನ್ನು ತಿಂದುಹಾಕುತ್ತದೆ. ಇದು ಅಮ್ಮನ ಕಲ್ಲು, ಹೊಳೆಯಿಂದ ಆರಿಸಿ ತಂದದ್ದು, ನಡುವೆ ಮಗುವಿನ ಬೆನ್ನಿನಂತೆ ತಗ್ಗಾಗಿತ್ತು. ಬುಡದಿಂದ ತುದಿಯವರೆಗೆ ಒಂದೇ ಎಳೆತ, ಹಿಂದಕ್ಕೆ ತರುವಾಗ ಎತ್ತಿ ತರಬೇಕು. ಅಮ್ಮ ಒಂದೊಂದು ಎಳೆತಕ್ಕೂ ಒಂದೊಂದು ಸುಭಾನಲ್ಲಾ ಹೇಳುತ್ತಿದ್ದಳು, ಅಲಗಿಗೆ ಮೂವತ್ತಮೂರು. ಎಣಿಕೆ ತಪ್ಪಬಾರದು ಅಂತಲ್ಲ ಮಗಳೇ, ಅವಸರ ಆಗಬಾರದು ಅಂತ, ಎನ್ನುತ್ತಿದ್ದಳು. ಒಳಮೈಯನ್ನು ಮಾತ್ರ ಮಸೆಯಲೇಬಾರದು. ಎರಡು ಅಲಗುಗಳ ಒಳಮೈ ನಡುವೆ ಕೂದಲೆಳೆಯಷ್ಟು ಟೊಳ್ಳಿರುತ್ತದೆ, ಮುಚ್ಚುವಾಗ ಅವು ಒಂದೇ ಒಂದು ಚುಕ್ಕೆಯಲ್ಲಿ ಮುಟ್ಟಿಕೊಂಡು ಆ ಚುಕ್ಕೆಯೇ ಬುಡದಿಂದ ತುದಿಗೆ ಓಡುತ್ತದೆ. ಚೂಪಾಗಲಿ ಎಂದು ತಿಳಿಯದವರು ಒಳಮೈಯನ್ನೂ ಉಜ್ಜುತ್ತಾರೆ. ಹಾಗೆ ಉಜ್ಜಿದ ಕತ್ತರಿ ಮತ್ತೆ ಎಂದಿಗೂ ಸೇರುವುದಿಲ್ಲ.

ಸುಭಾನಲ್ಲಾ, ಒಂದು. ಸುಭಾನಲ್ಲಾ, ಎರಡು. ಕಲ್ಲಿನ ಮೇಲೆ ಬೂದುಬಣ್ಣದ ನೀರು ಹರಿಯಿತು. ಮೂವತ್ತೊಂದು ವರ್ಷದ ಹಿಂದಿನ ಆ ದಿನ. ಅಮ್ಮ ಗೋಡೆಗೆ ಒರಗಿ ಮಲಗಿದ್ದಾಳೆ, ಉಸಿರು ಸಿಳ್ಳೆ ಹಾಕುತ್ತಿದೆ, ಎದ್ದು ಕೂರುವ ಶಕ್ತಿಯಿಲ್ಲ. ನೆಲದ ಮೇಲೆ ಎರಡು ಉಣ್ಣೆಹಾಸುಗಳನ್ನು ಒಂದರ ಮೇಲೊಂದು ಹಾಸಿದೆ. ಮೇಲೆ ಕೆಂಪು, ಕೆಳಗೆ ಕಂದು. ಮೇಲೆ ಸೀಮೆಸುಣ್ಣದಲ್ಲಿ ಟಗರುಕೊಂಬಿನ ಬಳ್ಳಿ ಬರೆದಿದೆ. ಎರಡನ್ನೂ ಒಟ್ಟಿಗೇ ಕತ್ತರಿಸಬೇಕು. ಆಮೇಲೆ ಕೆಂಪಿನ ಕೊಂಬನ್ನು ಕಂದಿನ ಗುಳಿಗೆ, ಕಂದಿನ ಕೊಂಬನ್ನು ಕೆಂಪಿನ ಗುಳಿಗೆ ಕೂರಿಸಿ ಹೊಲಿದರೆ ಎರಡು ಹಾಸುಗಳಾಗುತ್ತವೆ, ಒಂದು ಚೂರೂ ದಂಡವಾಗದೆ, ಅವಳಿ ಮಕ್ಕಳ ಹಾಗೆ. ಒಂದು ತವರಲ್ಲಿ ಉಳಿಯುತ್ತದೆ, ಒಂದು ಮದುವಣಗಿತ್ತಿಯ ಜೊತೆ ಹೋಗುತ್ತದೆ. ಹೋಗುವವಳು ಸೋನುನ್. ಹತ್ತೊಂಬತ್ತು ವರ್ಷದವಳು, ಹೊರಗೆ ಯಾರದೋ ಮಾತಿಗೆ ನಗುತ್ತಿದ್ದಾಳೆ, ನಗು ಕಿಟಕಿಯಿಂದ ಒಳಗೆ ಬಂದು ಬೀಳುತ್ತಿದೆ. ಉಳಿಯುವವಳು ಅವಳ ಅಕ್ಕ, ತವರಿಗೆ ಮರಳಿ ಬಂದು ಇನ್ನೂ ಆರು ತಿಂಗಳಾಗಿಲ್ಲ. "ಮೊದ್ಲು ಮಸೀ ಬುರುಲ್, ಮಸೆದು ಕತ್ತರಿಸು," ಎಂದಳು ಅಮ್ಮ. "ಆಗುತ್ತಮ್ಮ, ಇಷ್ಟೇ ಸಾಕು." "ಅಡಿಯ ಪದರ ಜರುಗುತ್ತೆ ಕಣೇ." "ನಂಗೊತ್ತು."

ನಂಗೊತ್ತು ಎಂದಿದ್ದಳು. ಹದಿನೇಳು. ಹದಿನೆಂಟು. ಗೊತ್ತಿತ್ತು.

"ಏನೇ ಬುರುಲ್, ಬೆಳಬೆಳಗ್ಗೆ ಯಾರ ಮೂಗು ಕೊಯ್ಯೋಕೆ ಮಸೀತಿದೀಯ?"

ಬೇಲಿಯ ಮೇಲೆ ಎರಡೂ ಮೊಳಕೈ ಊರಿ ನಿಂತವಳು ಪಕ್ಕದ ಮನೆಯ ಕುಲುಯ್ಪಾ. ಅವಳ ಭಾರಕ್ಕೆ ಬೇಲಿ ಕಿರ್ ಎಂದಿತು.

"ನಿನ್ನ ನಾಲಿಗೆ ಅಂತ ಅಂದ್ಕೊಂಡಿದ್ದೆ. ಈ ಕತ್ತರಿ ಸಾಲದು."

"ಅದಕ್ಕೆ ಕುಡುಗೋಲೇ ಬೇಕು ಬಿಡು," ಎಂದು ಕುಲುಯ್ಪಾ ಮೈ ಕುಲುಕಿಸಿ ನಕ್ಕಳು. "ಸೋನುನ್ ಮನೇಗಾ? ಗೊತ್ತಾಯ್ತು. ಈ ಸಲ ಹೆಂಗಸರ ಓಟ ಇಟ್ಟವ್ರೆ, ಗೆದ್ದೋಳೇ ದಾರ ಕತ್ತರಿಸ್ಬೇಕಂತೆ. ಒಳ್ಳೇ ಶಾಲೂ ಕೊಡ್ತಾರಂತೆ. ನಾನೂ ಓಡ್ತೀನಿ."

"ನೀನಾ? ನೀನು ಗುರಿ ಮುಟ್ಟೋ ಹೊತ್ತಿಗೆ ಆ ಮಗೂಗೆ ಮೀಸೆ ಬಂದಿರುತ್ತೆ."

"ಬರ್ಲಿ, ಮೀಸೆ ಇರೋ ಗಂಡಸಿನ ಕಾಲು ಬಿಡಿಸಿದ ಪುಣ್ಯನಾದ್ರೂ ಬರುತ್ತೆ. ನೀನೂ ಓಡೇ, ಕಡ್ಡಿ ಹಂಗಿದೀಯ, ನೀನೇ ಗೆ..."

ಕುಲುಯ್ಪಾಳ ಬಾಯಿ ಅಲ್ಲಿಗೆ ನಿಂತಿತು. ಬುರುಲ್ ಕಲ್ಲಿಗೆ ನೀರು ಚಿಮುಕಿಸಿದಳು.

"ನನ್ನ ಮಂಡಿ ಸರಿಯಿಲ್ಲ."

"ಹೌದೌದು, ಮಂಡಿ. ಮಂಡಿ ನೋವು ಬಲು ಕೆಟ್ಟದ್ದು," ಎಂದು ಕುಲುಯ್ಪಾ ಅಗತ್ಯಕ್ಕಿಂತ ಬೇಗ ಒಪ್ಪಿಕೊಂಡು, ಹಾಲು ಉಕ್ಕುತ್ತೇನೋ ಎಂದು ಒಳಗೆ ಹೋದಳು. ಅವಳ ಮನೆಯಲ್ಲಿ ಹಾಲು ಕಾಯುವ ಹೊತ್ತಲ್ಲ ಅದು. ಒಳ್ಳೆಯ ಹೆಂಗಸು, ಒಳ್ಳೆಯವರು ಅವಸರದಲ್ಲಿ ಹೇಳುವ ಸುಳ್ಳು ಮೈಮೇಲೆ ಬಿಸಿನೀರಿನಂತೆ ಬೀಳುತ್ತದೆ. ಬುರುಲ್‌ಗೆ ಎಣಿಕೆ ತಪ್ಪಿತ್ತು. ಮತ್ತೆ ಒಂದರಿಂದ ಹಿಡಿದಳು.

ಕತ್ತರಿ ಆಡಿಸುವ ಮುನ್ನ ಹೆಂಗಸರೆಲ್ಲ ಒಂದು ಮಾತು ಹೇಳುತ್ತಾರೆ. ಇದು ನನ್ನ ಕೈಯಲ್ಲ, ತಾಯಿ ಬಾತ್ಮಾ ಜುರಾಳ ಕೈ. ಅಹಂಕಾರ ಬರಬಾರದೆಂದು ಪ್ರವಾದಿಯ ಮಗಳ ಹೆಸರು ಹಿಡಿದು ಹೇಳುವ ಮಾತು, ಕೆಲಸ ಚೆನ್ನಾದರೆ ಹೊಗಳಿಕೆ ಆ ತಾಯಿಗೆ ಸೇರಲಿ ಎಂದು. ಅವತ್ತೂ ಬುರುಲ್ ಅದನ್ನೇ ಹೇಳಿ ಮೊಂಡು ಕತ್ತರಿಯನ್ನು ಎರಡು ಪದರಕ್ಕೆ ಹಾಕಿದ್ದಳು. ಮೇಲಿನ ಕೆಂಪು ಗೆರೆ ಹಿಡಿದು ಹೋಯಿತು. ಕೆಳಗಿನ ಕಂದು ಅಲಗಿಗೆ ಸಿಕ್ಕಿ ಎಳೆಯಿತು, ಸುಕ್ಕಾಯಿತು. ಬೆರಳಿಗೆ ಅದು ತಿಳಿಯುತ್ತಿತ್ತು. ಹೊರಗಿನಿಂದ ಮತ್ತೆ ಆ ನಗು ಬಂತು. ಬುರುಲ್ ಹಿಡಿಯನ್ನು ಬಿಗಿದು, ಗಟ್ಟಿಯಾಗಿ, ಜಗಿಸಿ ಜಗಿಸಿ, ಮೂಲೆಯ ದೊಡ್ಡ ಕೊಂಬನ್ನು ಸುತ್ತಿ ಮುಗಿಸಿದಳು. ಪದರಗಳನ್ನು ಬೇರೆಮಾಡಿದಾಗ ಕಂದಿನ ಕೊಂಬು ತುದಿಯಲ್ಲಿ ಎರಡು ಬೆರಳು ಮೋಟಾಗಿತ್ತು. ಕೆಂಪಿನದು ಉದ್ದ, ಕಂದಿನ ಗುಳಿಯಲ್ಲಿ ಹಿಡಿಸುವುದಿಲ್ಲ. ಅದನ್ನು ಕೊಂಚ ಕತ್ತರಿಸಿ ಕೂರಿಸಬಹುದು, ಯಾರಿಗೂ ತಿಳಿಯುವುದಿಲ್ಲ. ಆದರೆ ಕಂದಿನ ಮೋಟುಕೊಂಬನ್ನು ಕೆಂಪಿನ ಗುಳಿಗೆ ಕೂರಿಸಿದಾಗ ತುದಿಯಲ್ಲಿ ಬಾಯಿ ತೆರೆದ ಹಾಗೆ ಸಂದು ಉಳಿಯಿತು. ಬುರುಲ್ ಅಲ್ಲಿಗೊಂದು ತೇಪೆ ಹಾಕಿ, ಮೇಲೆ ಹುರಿ ಹೊಲಿದು ಮುಚ್ಚಿದಳು. ಯಾವುದು ಮನೆಯಲ್ಲಿ ಉಳಿಯಬೇಕು ಯಾವುದು ಹೋಗಬೇಕು ಎಂದು ಅಮ್ಮ ಕೇಳಿದಾಗ, ಕೆಂಪೇ ಮದುವೆ ಮನೆಗೆ ಒಪ್ಪುತ್ತೆ, ಅಂದಳು. ತೇಪೆಯದ್ದು ಹೋಯಿತು. ಸೋನುನ್ ಅದರ ಮೇಲೆ ಕೆನ್ನೆಯಿಟ್ಟು, "ನಿನ್ನ ಕೈಗೆ ನನ್ನ ಕಣ್ಣು ಒತ್ತಬೇಕು ಅಕ್ಕ," ಎಂದಿದ್ದಳು.

ಆ ಕೈ ಯಾರದ್ದು? ಅದೇ ಅವಳನ್ನು ಇಷ್ಟು ವರ್ಷ ಕೊರೆದದ್ದು. ಅವಸರವಿತ್ತು, ಅಮ್ಮನ ಕಾಯಿಲೆಯಿತ್ತು, ಎಂದೆಲ್ಲ ಹೇಳಿಕೊಳ್ಳಬಹುದು, ಹೇಳಿಕೊಂಡೂ ಇದ್ದಳು. ಆದರೆ ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದಾಗಲೆಲ್ಲ ಹಣೆಯಡಿ ಆ ತೇಪೆಯ ಗಂಟು ಒತ್ತಿದ ಹಾಗಾಗುತ್ತಿತ್ತು. ಒಬ್ಬ ಪುಣ್ಯವತಿಯ ಕೈಯನ್ನು ತನ್ನ ಕೈಮೇಲೆ ಹೊದಿಸಿ, ಅದರ ಮರೆಯಲ್ಲಿ ಕತ್ತರಿಸಿದ್ದಳು. ಆಮೇಲೆ ಆ ಹಾಸನ್ನು ನೋಡುವ ಧೈರ್ಯ ಬರಲಿಲ್ಲ. ಸೋನುನಳ ಅತ್ತೆ ನೋಡಿ ನಕ್ಕಿದ್ದಾಳು, ನೆಂಟರು ಬೆರಳಿಟ್ಟು ತೋರಿಸಿದ್ದಾರು, ಸೋನುನ್ ತಲೆ ತಗ್ಗಿಸಿದ್ದಾಳು. ಎಲ್ಲವನ್ನೂ ಕೇಳದೆಯೇ ಕೇಳಿಸಿಕೊಂಡಿದ್ದಳು. ಸೋನುನ್ ಒಂದು ದಿನವೂ ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ಶಿಕ್ಷೆ ಎಂದು ಬುರುಲ್ ತಿಳಿದಿದ್ದಳು.

ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಸವರಿದಳು. ಒಳಬದಿಗೆ ತೆಳ್ಳಗೆ ಸಿಬಿರು ಎದ್ದಿತ್ತು, ಅಂದರೆ ಅಂಚು ಕೂಡಿತು. ಒಳಮೈಯನ್ನು ಮಸೆಯದೆ, ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು, ಭಾರ ಬಿಡದೆ, ಒಂದೇ ಸಲ ಜಾರಿಸಿ ಸಿಬಿರು ತೆಗೆದಳು. ಎರಡನೆಯ ಅಲಗಿಗೂ ಹಾಗೆಯೇ. ತಿರುಪು ಹಾಕಿ, ಬಿಗಿದು, ನೋಡಿ, ಕೂದಲಷ್ಟು ಸಡಿಲಿಸಿದಳು. ತೀರ ಸಡಿಲವಾದರೆ ದಾರ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ, ತೀರ ಬಿಗಿದರೆ ಕತ್ತರಿ ತನ್ನನ್ನೇ ತಾನು ತಿನ್ನುತ್ತದೆ. ಉಣ್ಣೆದಾರ ಹಿಡಿದಳು. ಎಂದಿನ ಮಾತು ಬಾಯಿಗೆ ಬಂತು, ಇದು ನನ್ನ ಕೈಯಲ್ಲ, ಎಂದು. ಅದನ್ನು ನುಂಗಿಕೊಂಡಳು. "ಯಾ ಅಲ್ಲಾ, ಇದು ನನ್ನ ಕೈಯೇ," ಎಂದಳು ಮೆತ್ತಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ. "ನೋಡಿಕೋ." ದಾರ ಸದ್ದೇ ಇಲ್ಲದೆ ಎರಡಾಯಿತು.

ತಂಗಿಯ ಅಂಗಳದಲ್ಲಿ ಆಗಲೇ ಅರ್ಧ ಊರು ಸೇರಿತ್ತು. ಹಂಡೆಯಲ್ಲಿ ಕುರಿಮಾಂಸ ಬೇಯುತ್ತಿತ್ತು, ಕರಿದ ಹಿಟ್ಟಿನ ವಾಸನೆ ಗಲ್ಲಿಯ ತುದಿಗೇ ಬಡಿದಿತ್ತು. ಹಂಡೆಯ ಬಳಿ ಎಂದಿನ ತನ್ನ ಜಾಗ ಖಾಲಿಯಿರುವುದನ್ನು ಬುರುಲ್ ಕಂಡಳು, ಕಾಲು ತಾನಾಗಿ ಆ ಕಡೆ ತಿರುಗಿತು, ತಡೆದಳು. ಸೋನುನ್ ಮೆಟ್ಟಿಲ ಮೇಲೆ ನಿಂತು ಯಾರಿಗೋ ಗದರುತ್ತಿದ್ದಳು. ಮೈ ತುಂಬಿತ್ತು, ಕೆನ್ನೆ ಬಿಸಿಲಿಗೆ ಬಿರಿದಿತ್ತು. ಅಕ್ಕನನ್ನು ಕಂಡು ಗದರುವುದನ್ನು ನಿಲ್ಲಿಸಿದಳು.

"ಬಂದ್ಯಾ ಅಕ್ಕ."

"ಬಂದೆ."

ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ. ಬುರುಲ್ ಅದನ್ನು ಮೆಟ್ಟಿಲ ಮೇಲೆ ಇಟ್ಟಳು, ಸೋನುನ್ ಬಗ್ಗಿ ಎತ್ತಿಕೊಂಡಳು. ಈಗಲೇ ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಯಾರೋ "ಸೋನುನ್, ಉಪ್ಪೆಲ್ಲಿ?" ಎಂದು ಕೂಗಿದರು.

ಗಲ್ಲಿಯ ಆ ತುದಿಯಲ್ಲಿ ಹೆಂಗಸರು ಸಾಲಾಗಿ ನಿಂತರು. ಎರ್ಮೆಕ್‌ನನ್ನು ಮನೆಯ ಮುಂದೆ ಹಾಸಿದ ಬಿಳಿಬಟ್ಟೆಯ ಮೇಲೆ ನಿಲ್ಲಿಸಿ ನಾಜಿರಾ ಕಂಕುಳ ಕೆಳಗೆ ಕೈಹಾಕಿ ಹಿಡಿದುಕೊಂಡಿದ್ದಳು. ಅವನು ತನ್ನ ಕಾಲಿನ ಕಪ್ಪುಬಿಳಿ ದಾರವನ್ನೇ ಬಗ್ಗಿ ನೋಡುತ್ತಿದ್ದ, ಅದನ್ನು ತಿನ್ನಬಹುದೇ ಎಂದು ಯೋಚಿಸುವವನ ಹಾಗೆ. ಓಟ ಶುರುವಾದದ್ದೇ ಕುಲುಯ್ಪಾಳ ಒಂದು ರಬ್ಬರ್ ಬೂಟು ಕೆಸರಿನಲ್ಲಿ ಉಳಿದುಹೋಯಿತು. ಅವಳು ಒಂದೇ ಬೂಟಿನಲ್ಲಿ, ಎರಡು ಕೈ ಆಕಾಶಕ್ಕೆತ್ತಿ, "ನನ್ನ ಬಿಟ್ಟು ಹೋಗ್ಬೇಡ್ರೇ ಪಾಪಿಗಳಾ!" ಎಂದು ಕೂಗುತ್ತ ಕುಂಟಿಕೊಂಡು ಬಂದಳು. ಮುದುಕರು ಕೋಲು ಕುಟ್ಟಿ ನಕ್ಕರು. ಬುರುಲ್ ಕೂಡ ನಕ್ಕಳು. ನಕ್ಕು, ತನ್ನ ನಗು ಬೇರೆಯವರ ನಗುವಿಗಿಂತ ತುಸು ತಡವಾಗಿ ನಿಂತದ್ದು ಅವಳ ಕಿವಿಗೇ ಬಿತ್ತು. ಗೆದ್ದವಳು ಶಾಲೆಯ ಮೇಡಮ್ಮು, ಮೂರು ಮಕ್ಕಳ ತಾಯಿ, ನೆಟ್ಟನೆಯ ಬೆನ್ನು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಅವಳು ಏದುಸಿರು ಬಿಡುತ್ತ ಮಂಡಿಯೂರಿ, ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದಳು. ಒಂದೇ ಏಟು. "ಹರೀತು!" ಎಂದು ಹೆಂಗಸರು ಕೂಗಿದರು. ಎರ್ಮೆಕ್ ಬೆಚ್ಚಿ, ಎರಡು ಹೆಜ್ಜೆಯಿಟ್ಟು, ಕೂತುಬಿಟ್ಟು, ಚಪ್ಪಾಳೆ ಕೇಳಿ ತಾನೂ ಚಪ್ಪಾಳೆ ತಟ್ಟಿದ.

"ಏನು ಕತ್ತರಿನಮ್ಮ ಇದು, ಬೆಣ್ಣೆಗಿಟ್ಟ ಹಾಗೆ ಹೋಯ್ತು," ಎಂದಳು ಮೇಡಮ್ಮು. ಯಾರೂ ಮೂಲೆಯಲ್ಲಿದ್ದ ಬುರುಲ್ ಕಡೆ ನೋಡಲಿಲ್ಲ. ನೋಡಬೇಕೆಂದು ಅವಳಿಗೂ ಅನ್ನಿಸಲಿಲ್ಲ, ಅಥವಾ ತುಸು ಅನ್ನಿಸಿತು.

ಮುದುಕರು ಅಂಗೈ ತೆರೆದು ಹರಸಿ, ಮುಖ ಸವರಿಕೊಂಡು, ಆಮೀನ್ ಎಂದ ಮೇಲೆ ಜನ ಊಟಕ್ಕೆ ಒಳಗೆ ಸರಿದರು. ಬುರುಲ್ ಹೊಸಿಲ ಬಳಿ ಬೂಟು ಕಳಚಿದಳು. ಮೊದಲು ನೋಡಿದ್ದು ನೆಲವನ್ನು. ಉದ್ದಕ್ಕೂ ಅಂಗಡಿಯಿಂದ ತಂದ ಯಂತ್ರದ ಜಮಖಾನ ಹಾಸಿತ್ತು, ಹಸಿರು ಹಳದಿ ಹೂವಿನದು. ಆ ಕೆಂಪು ಹಾಸು ಗೋಡೆಯ ಮೇಲೂ ಇಲ್ಲ, ಮಡಚಿಟ್ಟ ಹಾಸಿಗೆಗಳ ನಡುವೆಯೂ ಇಲ್ಲ. ಸೋನುನ್ ಅವಳ ತೋಳು ಹಿಡಿದು, "ಇಲ್ಲಿ ಅಲ್ಲ, ಮೇಲೆ ಬಾ," ಎಂದು ಬಾಗಿಲಿಗೆ ಎದುರಿನ ಮೇಲಿನ ಜಾಗಕ್ಕೆ ಕರೆದೊಯ್ದು, ಎರಡು ದಿಂಬು ಹಾಕಿದಳು. ದೂರದ ಊರಿನ ಬೀಗರನ್ನು ಕೂರಿಸುವ ಜಾಗ ಅದು. ಮನೆಯ ಹೆಂಗಸರು ಕೂರುವುದು ಬಾಗಿಲ ಬಳಿ, ಚಹಾಕ್ಕೆ ನೀರು ಕಾಯುವ ಸಮೋವರಿನ ಪಕ್ಕ. ತೋಳು ಹಿಡಿದ ಕೈ ಮೃದುವಾಗಿತ್ತು, ಮರ್ಯಾದೆಯಿತ್ತು. ಆ ಮರ್ಯಾದೆಯೇ ಬುರುಲಳನ್ನು ಹೊರಗಿನವಳನ್ನಾಗಿ ಮಾಡಿತ್ತು. ದಿಂಬು ಸರಿಮಾಡಲು ತಂಗಿ ಬಗ್ಗಿದಾಗ ಅವಳ ಕಿವಿ ಹತ್ತಿರಕ್ಕೆ ಬಂತು.

"ಸೋನುನ್, ಆ ಹಾಸು ಎಲ್ಲಿ?"

"ಯಾವ ಹಾಸು?"

"ಕೆಂಪಿಂದು. ನಿನ್ನ ಮದುವೇಗೆ ಕೊಟ್ಟಿದ್ದು."

"ಅಯ್ಯೋ, ಅದಾ? ಅದು ಯಾವಾಗ್ಲೋ ಹೋಯ್ತಲ್ಲ. ಆ ದೊಡ್ಡ ಹಿಮದ ವರ್ಷ ಕುರಿಗಳು ಬಯಲಲ್ಲೇ ಮರಿ ಹಾಕ್ಬಿಟ್ವು. ಹನ್ನೊಂದು ಮರೀನ ಅದ್ರಲ್ಲೇ ಸುತ್ತಿ ತಂದ್ವಿ. ರಕ್ತ, ಮಾಸು, ಎಲ್ಲಾ ಆಯ್ತು. ಆಮೇಲೆ ಎಲ್ಲಿ ಉಳಿಯುತ್ತೆ. ನಾನು ಎರಡು ದಿನ ಅತ್ತಿದ್ದೆ." ಸೋನುನ್ ಮುಖವೆತ್ತಿದಳು. "ಯಾಕೆ?"

"ಅದರ ಮೂಲೇಲಿ ತೇಪೆ ಇತ್ತು. ನಾನು ಕತ್ತರಿ ಮಸೀದೆ ಕತ್ತರಿಸಿದ್ದೆ. ಅಡಿ ಪದರ ಜರುಗಿ ಕೊಂಬು ಮೋಟಾಯ್ತು. ಗೊತ್ತಿದ್ದೂ ನಿಂಗೇ ಅದನ್ನ ಕಳಿಸ್ದೆ."

ಪಕ್ಕದಲ್ಲಿ ಯಾರೋ ಕುಲುಯ್ಪಾಳ ಬೂಟಿನ ಕಥೆಯನ್ನು ಎರಡನೇ ಸಲ ಹೇಳುತ್ತಿದ್ದರು. ಸೋನುನ್ ದಿಂಬಿನ ಮೂಲೆ ಹಿಡಿದುಕೊಂಡೇ ಇದ್ದಳು.

"ಯಾವ ಮೂಲೆ?" ಎಂದಳು.

ನೋಡಿಯೇ ಇರಲಿಲ್ಲ. ಆ ಹಿಮದ ವರ್ಷದವರೆಗೆ, ಹತ್ತು ವರ್ಷ, ಸೋನುನ್ ಅದರ ಮೇಲೆ ಕೂತು, ಮಲಗಿ, ಮಕ್ಕಳಿಗೆ ಹಾಲೂಡಿಸಿ, ನೋಡಿಯೇ ಇರಲಿಲ್ಲ. ಬುರುಲ್‌ಗೆ ಹಗುರವಾಗಬೇಕಿತ್ತು. ಆದರೆ ಮೂವತ್ತೊಂದು ವರ್ಷ ಹೊತ್ತ ಮೂಟೆಯನ್ನು ಇಳಿಸಿ ಬಿಚ್ಚಿ ನೋಡಿದರೆ ಒಳಗೆ ಏನೂ ಇರಲಿಲ್ಲವೆಂಬ ಹಾಗೆ, ಬೆನ್ನು ಮಾತ್ರ ಬಗ್ಗಿದ್ದು ಬಗ್ಗಿದಂತೆಯೇ ಇತ್ತು.

"ಅದಕ್ಕೇನಾ ನೀನು ನನ್ನ ಮನೆ ಒಳಗೆ ಬರ್ತಿರ್ಲಿಲ್ಲ?" ಸೋನುನಳ ದನಿ ಇಳಿದಿತ್ತು. "ನಾನು ಏನೇನೋ ಅಂದ್ಕೊಂಡೆ ಅಕ್ಕ. ನನ್ನ ಮಕ್ಕಳನ್ನ ನೋಡೋಕೆ ನಿಂಗೆ ಆಗ್ತಿರ್ಲಿಲ್ಲ ಅಂದ್ಕೊಂಡೆ. ಒಂದೊಂದು ಹೆರಿಗೆಗೂ ಕಾದೆ. ಅಕ್ಕ ಒಳಗೆ ಬಂದು ಮಗೂನ ಎತ್ಕೋತಾಳೆ ಅಂತ. ನೀನು ಅಂಗಳದಲ್ಲೇ ಸೌದೆ ಒಟ್ಟಿ ಹೋಗ್ತಿದ್ದೆ. ಆಮೇಲಾಮೇಲೆ ಭಯ ಆಯ್ತು. ನಿನ್ನ ಕಣ್ಣು ಬೀಳುತ್ತೇನೋ ಅಂತ ಮಕ್ಕಳನ್ನ ಒಳಗೇ ಇಟ್ಕೋತಿದ್ದೆ."

ಹಾಗಲ್ಲ, ಎನ್ನಬಹುದಿತ್ತು. ಹಾಸೊಂದೇ ಕಾರಣ ಎಂದರೆ ಈ ಕ್ಷಣವೇ ಎಲ್ಲ ಮುಗಿದು, ತಂಗಿ ಅತ್ತು, ತಾನೂ ಅತ್ತು, ಊಟಕ್ಕೆ ಏಳಬಹುದಿತ್ತು. ಕಿಟಕಿಯಿಂದ ಒಳಗೆ ಬಿದ್ದ ಆ ನಗು, ಹಿಡಿಯನ್ನು ಬಿಗಿದ ಬೆರಳು. ಬುರುಲ್ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು.

"ಅದೂ ಇತ್ತು," ಎಂದಳು. "ಅವತ್ತು ಕತ್ತರಿ ಮಸೀಲಿಲ್ಲ ಅಂದ್ನಲ್ಲ, ಅದು ಅವಸರಕ್ಕಲ್ಲ ಸೋನುನ್. ನೀನು ಹೊರಗೆ ನಗ್ತಿದ್ದೆ. ನಂಗೆ ತಡೀಲಿಕ್ಕೆ ಆಗ್ಲಿಲ್ಲ."

ಸೋನುನ್ ದಿಂಬಿನ ಮೂಲೆಯನ್ನು ಬಿಟ್ಟಳು. ಆಮೇಲೆ, "ಇವತ್ತೇ ಹೇಳ್ಬೇಕಿತ್ತಾ ಇದನ್ನ," ಎಂದು ಎದ್ದು, ಬಾಗಿಲ ಬಳಿಗೆ ಹೋಗಿ ಸಮೋವರಿನ ಮುಂದೆ, ಈ ಕಡೆಗೆ ಅರ್ಧ ಬೆನ್ನು ಮಾಡಿ ಕೂತಳು. ಬೆನ್ನು ಅಲುಗಲಿಲ್ಲ.

ಬುರುಲಳ ಮುಂದೆ ರೊಟ್ಟಿ, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಬಂದವು. ಎಡಕ್ಕೆ ಮಸೀದಿಯ ಮುದುಕ ಕಲ್ಮುರಾತ್, ಬಲಕ್ಕೆ ನಾಜಿರಾಳ ತವರಿನ ಕಡೆಯ ಹೆಂಗಸೊಬ್ಬಳು, "ನೀವು ಯಾವೂರಿನೋರು?" ಎಂದು ಕೇಳಿದಳು. ಬುರುಲ್ ಎದ್ದು ನಿಂತಳು. ಮೇಲಿನ ಜಾಗದಲ್ಲಿ ಕೂತವರು ಊಟದ ನಡುವೆ ಏಳುವುದಿಲ್ಲ. ಸಾಲಾಗಿ ಚಾಚಿದ ಮಂಡಿಗಳನ್ನು ದಾಟುತ್ತ, ಕ್ಷಮಿಸಿ, ಕ್ಷಮಿಸಿ, ಎನ್ನುತ್ತ ಕೆಳಗೆ ಬರುವಾಗ ಮಾತುಗಳು ಒಂದೊಂದಾಗಿ ನಿಂತವು. ಹೊರಗೆ ಹೋಗುತ್ತಿದ್ದಾಳೆಂದು ನಾಜಿರಾ ಅವಳ ಬೂಟನ್ನು ತಿರುಗಿಸಿ ಇಡಲು ಬಗ್ಗಿದಳು. ಬೂಟು, ಅದರಾಚೆ ಬಿಸಿಲು, ಮೂರು ಗಲ್ಲಿ, ತೆರೆದೇ ಬಿಟ್ಟು ಬಂದ ಮನೆ. ಬುರುಲ್ ಸಮೋವರಿನ ಪಕ್ಕದ ಬರಿ ನೆಲದ ಮೇಲೆ, ತಂಗಿಯ ಮೊಳಕೈಗೆ ತನ್ನ ಮೊಳಕೈ ತಾಗುವಷ್ಟು ಹತ್ತಿರ, ಮಂಡಿ ಮಡಚಿ ಕೂತಳು. ಸೋನುನ್ ತಿರುಗಿ ನೋಡಲಿಲ್ಲ. ಸರಿಯಲೂ ಇಲ್ಲ. ಬುರುಲ್ ಚಹಾದ ಕುಡಿಕೆಯನ್ನು ಕೈಗೆತ್ತಿಕೊಂಡು, ಬಟ್ಟಲಿಗೆ ಸುರಿದು, ಹಾಲು ಬೆರೆಸಿ, ಕಲ್ಮುರಾತನ ಕಡೆಗೆ ದಾಟಿಸಿದಳು. ಬಟ್ಟಲು ಕೈಯಿಂದ ಕೈಗೆ ಮೇಲಕ್ಕೆ ಹೋಯಿತು, ಹೋದಲ್ಲೆಲ್ಲ ತುಳುಕಿತು. ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿನವರೆಗೆ ತುಂಬಿದ ಚಹಾವನ್ನು ನೋಡಿ, ಹುಬ್ಬೇರಿಸಿದ.

"ಏನಮ್ಮ, ಇಷ್ಟು ಬೇಗ ಎದ್ದು ಹೋಗು ಅಂತೀರಾ? ಮಾಂಸ ಇನ್ನೂ ಬಂದಿಲ್ಲ!"

ಮನೆಯೆಲ್ಲ ನಗೆಯೆದ್ದಿತು. ಅತಿಥಿಗೆ ಅರ್ಧ ಬಟ್ಟಲು ಕೊಡಬೇಕು, ಮುಗಿಸಿ ಮತ್ತೆ ಚಾಚಲಿ ಎಂದು. ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದರ್ಥ. ಹಸುಳೆಗೂ ಗೊತ್ತಿರುವ ಮಾತು. ಬುರುಲಳ ಮುಖ ಕಿವಿಯವರೆಗೆ ಸುಟ್ಟಿತು. ಮೂವತ್ತು ವರ್ಷ ತನಗೆ ತಾನೇ ಸುರಿದುಕೊಂಡು ಕುಡಿದವಳಿಗೆ ಬಟ್ಟಲು ತುಂಬಿಸುವುದೊಂದೇ ಅಭ್ಯಾಸ. ಯಾರು ಮತ್ತೆ ಮತ್ತೆ ಕೇಳಿ ಹಾಕುವವರು?

"ಅಕ್ಕಾ!" ಸೋನುನ್ ಅವಳ ಮಣಿಕಟ್ಟನ್ನು ಹಿಡಿದು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಸೊಸೆಗೆ ಗದರುವ ದನಿಯಲ್ಲೇ ಗದರಿದಳು. "ಮನೆಯೋಳು ಹೀಗಾ ಸುರಿಯೋದು? ಬಂದೋರನ್ನೆಲ್ಲ ಓಡಿಸ್ತೀಯಲ್ಲ. ಅರ್ಧ ಹಾಕು, ಅರ್ಧ!"

ಅವಳ ಕಣ್ಣು ಕೆಂಪಗಿತ್ತು. ಹಿಡಿದ ಮಣಿಕಟ್ಟನ್ನು ಬಿಡುವುದನ್ನು ಮರೆತಿದ್ದಳು. ಬುರುಲ್ ಇನ್ನೊಂದು ಕೈಯಲ್ಲಿ ಕುಡಿಕೆಯನ್ನು ಬಗ್ಗಿಸಿ, ಅರ್ಧಕ್ಕೆ ನಿಲ್ಲಿಸಿ, ತಂಗಿಗೆ ತೋರಿಸಿದಳು. ಸೋನುನ್ ಬಗ್ಗಿ ನೋಡಿ, "ಇನ್ನೂ ಸ್ವಲ್ಪ ಕಮ್ಮಿ," ಎಂದಳು.

ಸ್ವಲ್ಪ ಹೊತ್ತಿಗೆ ಮೇಲಿನ ಜಾಗದಿಂದ ಖಾಲಿ ಬಟ್ಟಲುಗಳು, ಕೈಯಿಂದ ಕೈಗೆ, ಒಂದರ ಹಿಂದೊಂದು ಅವಳ ಕಡೆಗೆ ಇಳಿದುಬರತೊಡಗಿದವು.